ಕೌಂಟರಿನ ಕಂಪ್ಯೂಟರ್

ಪ್ರೀತಿಯ ಕುಳ್ಳಿ,

ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಕಾಗುಣಿತಕ್ಕೆ ನಗಬೇಡ. ಇದನ್ನು ಫೋನಿನಲ್ಲಿ ನಾಲ್ಕು ಸಲ ಟೈಪ್ ಮಾಡಿ ಅಳಿಸಿದ್ದೇನೆ.

ನೀನು ಮನೆ ಬಿಡುವ ವಿಷಯ ನಿನ್ನ ಗಂಡನಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದಾಗ "ನಂಗೇನ್ ಗೊತ್ತು ಕಣೇ" ಅಂದಿದ್ದೆ. ಸುಳ್ಳು. ಗೊತ್ತಾದದ್ದು ನನ್ನಿಂದ.

ಮೆಸೇಜ್ ಆ್ಯಪಿನಲ್ಲಿ ಮನೆ ಬಿಡುವ ಮಾತು ತೆಗೆದ ಮೊದಲ ದಿನವೇ ನೀನು "ಅಕ್ಕಾ, ಇದನ್ನ ಬೇರೆ ಯಾರೂ ಓದಲ್ಲ ತಾನೇ?" ಎಂದು ಬರೆದಿದ್ದೆ. ಆ್ಯಪ್ ಮಾಡಿದವರಿಗೇ ಓದಲಾಗದು ಎಂದು ನಿನಗೆ ಪಾಠ ಮಾಡಿದೆ. ಆದರೆ ರೋಗಿಗಳು ಕಳಿಸುವ ಹಲ್ಲಿನ ಎಕ್ಸ್-ರೇ ತೆರೆದು ನೋಡಲೆಂದು ಅದೇ ನಂಬರನ್ನು ನನ್ನ ಕ್ಲಿನಿಕ್ಕಿನ ಕೌಂಟರಿನ ಕಂಪ್ಯೂಟರಿಗೂ ಜೋಡಿಸಿದ್ದೆ. ಅದರ ಪರದೆ ರೋಗಿಗಳ ಕಡೆಗೇ ತಿರುಗಿರುತ್ತದೆ. "ಮೇಡಂ, ನಿಮ್ ಮನೆ ಮೆಸೇಜೆಲ್ಲ ಇಲ್ಲೇ ಬಂದು ಬೀಳ್ತಿದೆ, ನಂಗೇ ಮುಜುಗರ" ಎಂದು ರಿಸೆಪ್ಷನಿಸ್ಟ್ ಹೇಳಿಯೂ ಇದ್ದಳು. ಮುಂದಿನ ವಾರ ಬೇರೆ ನಂಬರ್ ಮಾಡೋಣ ಅಂದೆ. ಅರ್ಧ ಗಂಟೆಯ ಕೆಲಸ ಅದು.

ಆ ಬುಧವಾರ ನಿನ್ನ ಗಂಡ ಹುಳುಕು ಹಲ್ಲು ತುಂಬಿಸಿಕೊಳ್ಳಲು ಬಂದು ಕೌಂಟರಿಗೆ ಒರಗಿ ನಿಂತಿದ್ದಾಗಲೇ ನಿನ್ನ ಸಾಲು ಬಂತು: "ಅಕ್ಕಾ, ಬಾಡಿಗೆ ಮನೆ ಕೀ ಸಿಕ್ತು. ಶುಕ್ರವಾರ ಮಗು ಸ್ಕೂಲಿಂದ ಬಂದ ತಕ್ಷಣ ಹೊರಡ್ತೀವಿ."

ಅವನು ಏನೂ ಆಗದವನಂತೆ ಒಳಗೆ ಬಂದು ಬಾಯಿ ತೆರೆದು ಕೂತ. ಇಪ್ಪತ್ತು ನಿಮಿಷ ಕೆಲಸ ಮಾಡಿದೆ, ಹೆಚ್ಚು ಸಿಹಿ ತಿನ್ನಬೇಡಿ ಎಂದು ಗದರಿದೆ. ಎದ್ದವನು ಮರಗಟ್ಟಿದ ತುಟಿಯಲ್ಲೇ ತೊದಲುತ್ತಾ ಹೇಳಿದ: "ಶುಕ್ರವಾರ ಸಾಮಾನು ಹೊರೋಕೆ ಜನ ಬೇಕಾ ಅತ್ತಿಗೆ? ನಾನೂ ಫ್ರೀ ಇದೀನಿ."

ಆಗಲೇ ನಿನಗೆ ಫೋನ್ ಮಾಡಬೇಕಿತ್ತು. ಶಾಲೆ ಬಿಡಲು ಇನ್ನೂ ಎರಡು ಗಂಟೆ ಇತ್ತು. ಆದರೆ ಮಾಡಿದರೆ ಅವನಿಗೆ ಹೇಗೆ ಗೊತ್ತಾಯಿತು ಎಂದು ನೀನು ಕೇಳುತ್ತೀಯಲ್ಲ. ಸಂಜೆ ಹೇಳಿದರಾಯಿತು ಎಂದುಕೊಂಡು ಮುಂದಿನ ರೋಗಿಯನ್ನು ಕರೆದೆ. ಸಂಜೆಯ ಹೊತ್ತಿಗೆ ಅವನು ಮಗುವನ್ನು ಶಾಲೆಯಿಂದ ನೇರ ತನ್ನ ತಾಯಿಯ ಮನೆಗೆ ಒಯ್ದಿದ್ದ. ಈಗ ಮಗಳ ಮುಖ ನಿನಗೆ ಭಾನುವಾರ ಮಾತ್ರ, ಅದೂ ಅದೇ ಆ್ಯಪಿನಲ್ಲಿ.

ಆ ಬಾಡಿಗೆ ಮನೆಯ ಕೀ ಕೊಟ್ಟ ಪಕ್ಕದ ಮನೆಯ ಆಂಟಿಯೇ ಬಾಯಿಬಿಟ್ಟರೆಂದು ನೀನು ಅವರ ಜೊತೆ ಮಾತು ಬಿಟ್ಟೆ. "ಅವ್ರ ಹೊಟ್ಟೇಲಿ ಒಂದ್ ಮಾತೂ ನಿಲ್ಲಲ್ಲ ಅಕ್ಕಾ" ಅಂದೆ. ನಾನು ಹ್ಞೂಂಗುಟ್ಟಿದೆ. ನನಗೆ ಹೆಚ್ಚು ಚುಚ್ಚುವುದು ಆ ಹ್ಞೂಂ.

ಆ್ಯಪ್ ತೆಗೆದುಹಾಕಿದ್ದೆ. ಮೂರೇ ದಿನ. ಎಕ್ಸ್-ರೇ ಬರಬೇಕು, ನಿನ್ನ ಮೆಸೇಜೂ ಬರಬೇಕು, ಮತ್ತೆ ಹಾಕಿಕೊಂಡೆ. ಕೌಂಟರಿನ ಕಂಪ್ಯೂಟರಿನಿಂದ ಮಾತ್ರ ಬಿಡಿಸಿದ್ದೇನೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇವತ್ತು ಬೆಳಿಗ್ಗೆ ಆಂಟಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯಲಿಲ್ಲ. "ಅವಳಿಗೆ ಹೇಳಿದ್ಯಾ?" ಅಂದರು. ಇಲ್ಲ ಅಂದೆ. "ಮತ್ತೆ ನನ್ ಮುಂದೆ ಯಾಕಮ್ಮ ಅಳ್ತೀಯ? ಹೋಗು."

ಹಾಗಾಗಿ ಈ ಕಾಗದ. ಕ್ಲಿನಿಕ್ಕಿನಲ್ಲಿ ಅವನು ಆಡಿದ ಮಾತನ್ನೂ ನನ್ನ ತಪ್ಪನ್ನೂ, ಮಗಳಿಗಾಗಿ ನೀನು ಹಿಡಿದಿರುವ ವಕೀಲರ ಮುಂದೆ ನಾನೇ ಹೇಳುತ್ತೇನೆ. ಅಲ್ಲಿ ನನ್ನ ಪಕ್ಕ ಕೂರಲು ಮನಸ್ಸಿಲ್ಲದಿದ್ದರೆ ಬೇರೆ ಬೆಂಚಿನಲ್ಲಿ ಕೂರು.

ಮಗಳು ಬೇಗ ನಿನ್ನ ಮಗ್ಗುಲಿಗೆ ಬರಲಿ, ಕುಳ್ಳಿ. ನನ್ನನ್ನು ಕ್ಷಮಿಸುವ ಮಾತು ಆಮೇಲಿರಲಿ.

ನಿನಗೆ ಸುಳ್ಳು ಹೇಳಿದ
ಅಕ್ಕ