ಗಿರಣಿಯ ಹೊಸ ಬೋರ್ಡು

ಡೇವಿಡಣ್ಣಾ,

ಒಂದೇ ಕೈಯಿಂದ ಬಿಡಿಸಲು ನಿನಗೆ ಬರುತ್ತದೋ ಇಲ್ಲವೋ ಎಂಬ ಚಿಂತೆಯಾಗಿ ಚೀಟಿಯನ್ನು ಮಡಚಿಲ್ಲ.

ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿಟ್ಟಿದ್ದೇನೆ. ಸಿಟ್ಟಾಗಬೇಡ, ಚಮಚದಿಂದ ಉಣ್ಣು. ಪಟ್ಟಿ ಬದಲಿಸಲು ದೊರ್ಕಾ ನರ್ಸಬಾಯಿ ಹತ್ತಕ್ಕೆ ಬರುತ್ತಾರೆ. "ಬೆರಳು ಮತ್ತ ಚಿಗೀತಾವೇನ್ರಿ?" ಎಂದು ಅವರಿಗೆ ಚಾಷ್ಟಿ ಮಾಡಬೇಡ. ನಿನ್ನೆ ಅವರು ಹೊರಗೆ ಹೋಗಿ ಅತ್ತರು.

ನಾನು ಗಿರಣಿಗೆ ಹೋಗುತ್ತಿದ್ದೇನೆ. ನೀನು ಗಾಲಿಗೆ ಬೆಲ್ಟಿನ ಪಟ್ಟಾ ಕೂಡಿಸುವಾಗ ಇಂಜಿನ್ ಚಾಲೂ ಮಾಡಿದರೆಂದು ಕಾಶೀರಾಮ ಕಾಕಾರನ್ನು ಇವತ್ತು ಕೆಲಸದಿಂದ ತೆಗೆಯುತ್ತಾರೆ. "ಇಂಜಿನ್ ಹಚ್ಚಬ್ಯಾಡಂತ ಬೋರ್ಡ ತೂಗಹಾಕಿತ್ತಲ್ಲೋ, ಕಣ್ಣಿಲ್ಲೇನ ನಿನಗ?" ಎಂದು ಮಾಲಕರು ಬೈದರೂ ಕಾಕಾ ನಾಚಿಕೆಯಿಂದ ತುಟಿ ಬಿಚ್ಚಲಿಲ್ಲ. ಅವರು ಕಲಿತದ್ದು ಉರ್ದು ಸಾಲಿಯಲ್ಲಿ. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಮಾಲಕರು ಹೇಳಿದರೆಂದು, ಮೊದಲು ಉರ್ದುವಿನಲ್ಲಿದ್ದ ಆ ಬೋರ್ಡು ಅಳಿಸಿ ಕನ್ನಡದಲ್ಲಿ ಬರೆದವಳು ನಾನು.

ಈಗ ಹೇಳಿದರೆ ನಿನ್ನ ಕೈ ಸರಿಹೋಗುವುದಿಲ್ಲ, ಕಾಕಾರ ಕೆಲಸವೂ ಉಳಿಯಲಿಕ್ಕಿಲ್ಲ. ಆದರೂ ಮಾಲಕರ ಮುಂದೆ ಬಾಯಿ ಕಟ್ಟಬಾರದೆಂದು ಒಲೆಯ ಮುಂದೆ ನಿಂತು ಗಟ್ಟಿಯಾಗಿ ಹೇಳಿ ನೋಡಿದೆ: "ಕಾಕಾಗ ಕನ್ನಡ ಓದಲಕ ಬರಲ್ಲಂತ ಬೋರ್ಡ ಬರಿಯೋವಾಗೇ ನನಗ ಗೊತ್ತಿತ್ತರಿ."