ಕಮಾನು ಎತ್ತಿದಾಗ

ಮಳವಳ್ಳಿ, ಶುಕ್ರವಾರ

ಯೋಗಾನಂದ್ ಅವರಿಗೆ,

ಮೇಲೆ ನಿಮ್ಮ ಹೆಸರಿಗೆ ಮುಂಚೆ ಬರೆದು ಹೊಡೆದುಹಾಕಿರುವುದು ‘ರೀ’ ಎಂಬ ಮಾತು. ಅಭ್ಯಾಸಬಲ.

ಭಾನುವಾರ ಮಂಡ್ಯದ ಕಾರ್ಯಕ್ರಮದಲ್ಲಿ ನನ್ನ ಪಿಟೀಲಿಗೆ ನಿಮ್ಮದೇ ಪಿಯಾನೊ. ಒಪ್ಪಿಕೊಂಡಾಗಿದೆ, ನುಡಿಸೋಣ. ಆ ಜಿಪ್ಸಿ ಧಾಟಿಯ ಕೃತಿಯಲ್ಲಿ ನಿಧಾನದ ಭಾಗ ಮುಗಿದು ಓಟ ಶುರುವಾಗುವ ಮುನ್ನ ನಾನು ಕಮಾನು ಎತ್ತಿ ನಿಲ್ಲುತ್ತೇನೆ. ಎಷ್ಟು ಹೊತ್ತು ನಿಲ್ಲುತ್ತೇನೆಂದು ನನಗೂ ಮೊದಲೇ ಗೊತ್ತಿರುವುದಿಲ್ಲ. ನೀವು ನನ್ನನ್ನು ನೋಡಿಯೇ ಹಿಡಿಯಬೇಕು. ನಿನ್ನೆ ಅಭ್ಯಾಸದಲ್ಲಿ ನೀವು ತಲೆಯೆತ್ತಲೇ ಇಲ್ಲ. ಮೂರು ಸಲವೂ ಎಡವಿದೆವು.

ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಅವ್ವ ಸಿಕ್ಕಿದ್ದರು. “ನುಡ್ಸಕ್ಕೆ ಜತೆಗಿರ್ತೀರಿ, ಬಾಳಕ್ಕೇನವ್ವ ಬಂದದೆ ನಿಮ್ಗೆ?” ಅಂದರು. ಬಸ್ಸು ಬಂತು, ಹತ್ತಿಬಿಟ್ಟೆ.

ಭಾನುವಾರ ಆ ಒಂದು ಗಳಿಗೆ ನನ್ನ ಮುಖ ನೋಡಿ. ಸೋಮವಾರ ಮದ್ದೂರಿನ ಕೋರ್ಟಿನಲ್ಲಿ, ನಾನು ವಿಚ್ಛೇದನಕ್ಕೆ ರುಜು ಹಾಕುವಾಗ, ದಯವಿಟ್ಟು ನೋಡಬೇಡಿ.

ಇಂತಿ,
ಸುಕನ್ಯಾ