ಉಪ್ಪು ಕಂಡ ಹಳದಿ ಬ್ಯೂಕ್

ಫ್ಲಿಂಟ್, ಮಿಷಿಗನ್
ಗುರುವಾರ, ಮಾರ್ಚ್ 11, 2004

ಮಗಳೇ ಟ್ರೂಡಿ,

ಫೋನಿನಲ್ಲೇ ಹೇಳಿಬಿಡೋಣವೆಂದು ಎರಡು ಸಲ ಮಾಡಿದೆ. ಎರಡು ಸಲವೂ ಚಳಿಯ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳ ಬರಹ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಮೊದಲು ಆರಿಸಿ ಬಾ.

ಕಳೆದ ಭಾನುವಾರ ಊಟಕ್ಕೆ ಬಂದಾಗ ನೀನು ಮತ್ತೆ ಅದೇ ಮಾತು ತೆಗೆದೆ. ಚಿಕ್ಕವಳಿದ್ದಾಗ ನಮ್ಮ ಹಳದಿ ಬ್ಯೂಕಿನ ಹಿಂದಿನ ಸೀಟಿನಲ್ಲಿ ಕೂತು ಹಿಮ ಬೀಳುವುದನ್ನು ನೋಡಿದ ನೆನಪು ಎಂದೆ. ನಿಮ್ಮಪ್ಪ ನಕ್ಕರು. "ಲೇ, ಆ ಕಾರು ಚಳಿಗಾಲ ಕಂಡಿದ್ದು ಒಂದೇ ಸಲ, ಅದೂ ನಿನ್ನ ಕಳ್ಳ ಚಿಕ್ಕಪ್ಪನ ಕೈಯಲ್ಲಿ. ಅದರಲ್ಲಿ ನೀನೆಲ್ಲಿದ್ದೆ? ಕನಸು ಬಿದ್ದಿರ್ಬೇಕು" ಎಂದರು. ನಾನು ಆಲೂಗಡ್ಡೆ ಬಡಿಸಿದೆ.

ಅದು ಕನಸಲ್ಲ, ಟ್ರೂಡಿ. ಕಾರನ್ನು ಓಡಿಸಿದ್ದು ನಾನು.

ನಿಮ್ಮಪ್ಪನ ಪದ್ಧತಿ ನಿನಗೆ ಗೊತ್ತೇ ಇದೆ. ನವೆಂಬರ್ ಬಂತೆಂದರೆ ಕಾರಿನ ಬ್ಯಾಟರಿ ಬಿಚ್ಚಿ ನೆಲಮಾಳಿಗೆಯ ಹಲಗೆಯ ಮೇಲೆ ಇಡುವುದು, ಮೀಟರಿನ ಅಂಕಿಯನ್ನು ಗ್ಯಾರೇಜಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುವುದು, ಹೊದಿಕೆ ಹಾಕುವುದು. ವಸಂತದಲ್ಲಿ ಎರಡು ದೊಡ್ಡ ಮಳೆ ಬಂದು ರಸ್ತೆಯ ಉಪ್ಪೆಲ್ಲ ಕೊಚ್ಚಿಹೋಗುವವರೆಗೂ ಅದು ಬಾಗಿಲು ದಾಟುವಂತಿಲ್ಲ. ಹಿಮ ಕರಗಿಸಲು ಹಾಕುವ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ ಎಂದು ಅವರು ನಿನಗೆ ಅಕ್ಷರಕ್ಕಿಂತ ಮೊದಲೇ ಕಲಿಸಿದ್ದರು.

ಎಪ್ಪತ್ತೆಂಟರ ಫೆಬ್ರವರಿ. ಅಂಗಡಿಯಿಂದ ತಂದ ಚೀಲವನ್ನು ಒಂದು ನಿಮಿಷಕ್ಕೆಂದು ಹೊದಿಕೆ ಜಾರಿದ್ದ ಆ ಕಾರಿನ ಬಾನೆಟ್ಟಿನ ಮೇಲೆ ಇಟ್ಟೆ. ಬೀನ್ಸ್ ಡಬ್ಬಿ ಉರುಳಿ ಉಗುರಿನಷ್ಟು ಗೀರು ಬಿತ್ತು. ನಿಮ್ಮಪ್ಪ ಕೂಗಾಡುವವರಲ್ಲ, ಕೈ ಎತ್ತುವವರೂ ಅಲ್ಲ. ಹನ್ನೊಂದು ದಿನ ಮಾತು ಬಿಟ್ಟರು. ಊಟದ ಮೇಜಿನಲ್ಲಿ ನಿನಗೆ ಹೇಳುವರು: "ನಿಮ್ಮಮ್ಮಂಗೆ ಆ ಉಪ್ಪಿನ ಡಬ್ಬಿ ಈ ಕಡೆ ಕೊಡೋಕೆ ಹೇಳು." ನಿನಗೆ ನಾಲ್ಕು ವರ್ಷ. ನೀನು ಅದನ್ನು ಆಟ ಎಂದುಕೊಂಡು ನನಗೆ ಹೇಳುತ್ತಿದ್ದೆ.

ಹನ್ನೆರಡನೆಯ ದಿನ ಅವರು ಕಾರ್ಖಾನೆಗೆ ಹೋದ ಮೇಲೆ ನಿನಗೆ ನೀಲಿ ಕೋಟು ತೊಡಿಸಿದೆ. ಟೊಲೀಡೊ ಊರಿನ ನಿನ್ನ ದೊಡ್ಡಮ್ಮನ ಮನೆಗೆ ಹೋಗಿಬಿಡುವುದು ಎಂದುಕೊಂಡಿದ್ದೆ. ನನ್ನ ಕಾರು ಹಿಮದಲ್ಲಿ ಅರ್ಧ ಹೂತಿತ್ತು. ನೆಲಮಾಳಿಗೆಯಿಂದ ಆ ಬ್ಯಾಟರಿ ಹೊತ್ತು ತಂದೆ. ಅವರು ಕಾರಿನ ಕೆಲಸ ಮಾಡುವಾಗ ಎಂಟು ವರ್ಷ ಟಾರ್ಚ್ ಹಿಡಿದವಳು, ಕೆಂಪು ತಂತಿ ಮೊದಲು ಎಂದು ನನಗೂ ಗೊತ್ತಿತ್ತು. ಗೋಡೆಯ ಮೇಲಿನ ಅಂಕಿಯ ವಿಷಯ ಮಾತ್ರ ನೆನಪಾಗಲಿಲ್ಲ.

ಅರ್ಧ ದಾರಿಗೆ ಸಿಗುವ ಆನ್ ಆರ್ಬರ್ ಊರನ್ನು ದಾಟಿದೆವು. ಹಿಮ ಬೀಳುತ್ತಿತ್ತು. ನೀನು ಹಿಂದಿನಿಂದ, "ಕಾರಿಗೆ ಕೋಟೇ ಹಾಕಿಲ್ವಲ್ಲಮ್ಮ, ಚಳಿ ಆಗಲ್ವಾ ಅದಕ್ಕೆ?" ಎಂದೆ. ಕೋಟು ಎಂದಾಗ ನಿನ್ನ ಕೋಟಿನ ಕಾಲರಿಗೆ ಇಸ್ತ್ರಿ ಮಾಡಿದ್ದು ನೆನಪಾಯಿತು. ಇಸ್ತ್ರಿಪೆಟ್ಟಿಗೆ ಆರಿಸಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಮನೆ ಹೊತ್ತಿ ಉರಿಯುವುದು ಕಣ್ಣಿಗೆ ಕಟ್ಟಿತು. ಕಾರು ತಿರುಗಿಸಿದೆ.

ಆರಿಸಿಯೇ ಇದ್ದೆ. ನಿನಗೋಸ್ಕರ ವಾಪಸು ಬಂದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಬಂದದ್ದು ಇಸ್ತ್ರಿಪೆಟ್ಟಿಗೆಗೆ.

ಕಾರು ಕಿಟಕಿಯವರೆಗೂ ಉಪ್ಪು ಹತ್ತಿ ಬಿಳಿಯಾಗಿತ್ತು. ಕೆಟಲಿನಲ್ಲಿ ನೀರು ಕಾಯಿಸಿ ತಂದು ತಂದು ಸುರಿಯುತ್ತಿದ್ದೆ. ಆಗ ನಿನ್ನ ಚಿಕ್ಕಪ್ಪ ಕ್ಲೈಡ್ ಹಿಮ ತೋಡುವ ಸಲಿಕೆ ವಾಪಸು ಕೊಡಲು ಬಂದರು. ಕಾರು ನೋಡಿದರು, ಹಿಂದಿನ ಸೀಟಿನಲ್ಲಿದ್ದ ನಮ್ಮ ಬಟ್ಟೆಯ ಪೆಟ್ಟಿಗೆ ನೋಡಿದರು.

"ಹೊರಟಿದ್ದೋ, ಬಂದಿದ್ದೋ ಅತ್ತಿಗೆ?" ಎಂದು ಕೇಳಿದರು.

"ಬಂದೆ" ಎಂದೆ.

"ಹಾಗಾದ್ರೆ ಸರಿ ಬಿಡಿ" ಎಂದು ಪೆಟ್ಟಿಗೆಯನ್ನು ಒಳಗಿಟ್ಟು ಹೋದರು. ಅವರು ಕ್ಷೌರದಂಗಡಿಯವರು, ಕಾರಿನ ವಿಷಯ ಅವರಿಗೂ ಅಷ್ಟಕ್ಕಷ್ಟೆ. ಕಾರಿನ ಹೊಟ್ಟೆಯನ್ನೂ ತೊಳೆಯಬೇಕೆಂದು ಇಬ್ಬರಿಗೂ ತೋಚಲಿಲ್ಲ. ಒದ್ದೆ ಆರಲೆಂದು ನಾನು ಸೀಮೆಎಣ್ಣೆ ಹೀಟರ್ ಹಚ್ಚಿ ಗ್ಯಾರೇಜು ಮುಚ್ಚಿದೆ. ಬೆಚ್ಚಗಿದ್ದಷ್ಟೂ ಉಪ್ಪು ಬೇಗ ತಿನ್ನುತ್ತದಂತೆ. ಅದು ಆಮೇಲೆ ತಿಳಿಯಿತು. ನಿಮ್ಮಪ್ಪ ಬರುವ ಮೊದಲು ಬ್ಯಾಟರಿ ಹಲಗೆಗೆ, ಹೊದಿಕೆ ಕಾರಿಗೆ ಸೇರಿಸಿದ್ದೆ.

ಏಪ್ರಿಲಿನಲ್ಲಿ ನಿಮ್ಮಪ್ಪ ಹೊದಿಕೆ ತೆಗೆದರು. ಗೋಡೆಗೂ ಮೀಟರಿಗೂ ನೂರಾ ಹನ್ನೆರಡು ಮೈಲಿ ವ್ಯತ್ಯಾಸ. ಕಾರಿನಡಿ ಮಲಗಿ ನೋಡಿದರೆ ಉಪ್ಪಿನ ಪದರ. ಗ್ಯಾರೇಜಿನ ಇನ್ನೊಂದು ಬೀಗದ ಕೈ ಇದ್ದದ್ದು ಕ್ಲೈಡ್ ಹತ್ತಿರ. ನಮ್ಮ ಅಡುಗೆಮನೆಗೇ ಕರೆಸಿ ಕೇಳಿದರು: "ನೀನು ತಗೊಂಡಿದ್ಯಾ?"

ಕ್ಲೈಡ್ ನನ್ನ ಕಡೆ ನೋಡಿದರು. ನಾನು ತಟ್ಟೆ ಒರೆಸುತ್ತಿದ್ದೆ.

"ಹೂಂ ಕಣಣ್ಣ. ಸುಮ್ನೆ ಒಂದು ಸುತ್ತು ಹೋಗಿದ್ದೆ."

"ನೂರಾ ಹನ್ನೆರಡು ಮೈಲಿ ಒಂದು ಸುತ್ತೇನೋ? ಬೀಗದ ಕೈ ಇಡು. ಬಾಗಿಲು ಅಲ್ಲಿದೆ."

ನಾನು ಆ ತಟ್ಟೆಯನ್ನು ಗೂಡಿನಲ್ಲಿಟ್ಟು ಇನ್ನೊಂದು ತೆಗೆದುಕೊಂಡೆ. ನಾನು ಮಾಡಿದ್ದು ಅಷ್ಟೇ.

ಅಂದಿನಿಂದ ನಿಮ್ಮಪ್ಪ ತಮ್ಮನ ಕ್ಷೌರದ ಕುರ್ಚಿಯಲ್ಲಿ ಕೂತಿಲ್ಲ. ಬೇರೆ ಅಂಗಡಿಗೂ ಹೋಗಲಿಲ್ಲ. ಇಪ್ಪತ್ತಾರು ವರ್ಷದಿಂದ ಅಡುಗೆಮನೆಯಲ್ಲಿ ನಾನೇ ಕೂದಲು ಕತ್ತರಿಸುತ್ತಿದ್ದೇನೆ. ಪ್ರತಿ ಸಲವೂ ಅವರ ಕತ್ತಿನ ಹಿಂಭಾಗ ನೋಡುತ್ತ ಇವತ್ತು ಹೇಳಿಬಿಡೋಣ ಅನ್ನಿಸುತ್ತದೆ. ಕೈಯಲ್ಲಿ ಕತ್ತರಿ ಇರುತ್ತದೆ, ಅವರು ತಟ್ಟನೆ ತಿರುಗಿದರೆ ಕಿವಿಗೆ ತಗಲೀತು ಎಂದು ಸುಮ್ಮನಾಗುತ್ತೇನೆ.

ಮೊನ್ನೆ ದಿನಸಿ ಅಂಗಡಿಯಲ್ಲಿ ಕ್ಲೈಡ್ ಸಿಕ್ಕರು. ಎದೆಗೆ ಈ ಚಳಿ ಒಗ್ಗುವುದಿಲ್ಲವಂತೆ. ಅಂಗಡಿ ಮುಚ್ಚಿದ್ದಾರೆ, ಈ ಭಾನುವಾರ ಅರಿಜೋನಾಕ್ಕೆ ಹೊರಟುಬಿಡುತ್ತಾರೆ, ಮತ್ತೆ ಬರುವುದಿಲ್ಲ. "ಅಲ್ಲಿ ರಸ್ತೆಗೆ ಉಪ್ಪೇ ಹಾಕಲ್ವಂತೆ ಅತ್ತಿಗೆ. ನಿಮ್ಮವರ ಕಾರು ಅಲ್ಲಿರ್ಬೇಕಿತ್ತು" ಎಂದು ನಕ್ಕರು, ಕೆಮ್ಮಿದರು. ಹೇಳಿಬಿಡಲಾ ಎಂದು ಕೇಳಿದೆ. "ಈಗ್ಯಾಕೆ? ಆದ್ರೂ ಅಣ್ಣನ ತಲೆ ಏನು ಮಾಡಿಟ್ಟಿದ್ದೀರ ನೀವು! ಬೀದಿ ಆಚೆಯಿಂದ ನೋಡಿದ್ರೂ ನನ್ನ ಕೈ ತುರಿಸುತ್ತೆ" ಎಂದರು.

ಮೇ ತಿಂಗಳಲ್ಲಿ ಅಪ್ಪ ಆ ಕಾರನ್ನು ನಿನಗೆ ಕೊಡುತ್ತಾರಲ್ಲ, ಆ ದಿನ ಚಿಕ್ಕಪ್ಪನನ್ನು ಕರೆಯುವುದಿಲ್ಲ, ಕಾರು ಕೆಡಿಸಿದವರು ಎಂದೆಯಲ್ಲ ನೀನು. ಅದೇ ನನಗೆ ತಡೆಯಲಾಗಲಿಲ್ಲ. ಹಿಂದಿನ ಸೀಟಿನ ಎಡಗಡೆ ನೆಲ ತೆಳುವಾಗಿದೆ, ಎರಡು ಸಲ ತಗಡು ಬೆಸೆದಿದ್ದಾರೆ. ಅಲ್ಲಿ ಯಾರನ್ನೂ ಕೂರಿಸಬೇಡ.

ಕಾಫಿ ಆದ ಮೇಲೆ ಈ ಕಾಗದವನ್ನು ನಿಮ್ಮಪ್ಪನಿಗೆ ಓದಿ ಹೇಳುತ್ತೇನೆ. ಧೈರ್ಯ ಬರದಿದ್ದರೆ ಹೀಗೇ ಅಂಚೆಗೆ ಹಾಕುತ್ತೇನೆ. ಆಗ ಭಾನುವಾರದೊಳಗೆ ನೀನೇ ಅವರಿಗೆ ಹೇಳಬೇಕು.

ಬಾಗಿಲ ಚಿಲಕ ನೋಡಿ ಮಲಗು.

ನಿನ್ನ ಅಮ್ಮ,
ವೆರ್ಲಾ

ತಾ.ಕ.: ನಿಮ್ಮಪ್ಪನಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ ಒಂದೇ ಮಾತು ಕೇಳಿದರು: "ಇಸ್ತ್ರಿಪೆಟ್ಟಿಗೆ ಆರಿಸಿತ್ತಾ?" ಹೌದೆಂದೆ. ಎದ್ದು ನೆಲಮಾಳಿಗೆಗೆ ಇಳಿದರು. ಬ್ಯಾಟರಿಯನ್ನು ಎದೆಗವಚಿಕೊಂಡು ಮೇಲೆ ಬಂದರು. ಬೆಳಿಗ್ಗೆ ತಾನೇ ಉಪ್ಪಿನ ಲಾರಿ ಹೋಗಿತ್ತು. "ರಸ್ತೆ ತುಂಬ ಉಪ್ಪಿದೆ ಕಣ್ರೀ, ನನ್ನ ಕಾರು ತಗೊಂಡ್ಹೋಗಿ" ಎಂದೆ. ಅವರು ಆಗಲೇ ಕೆಂಪು ತಂತಿ ಬಿಗಿಯುತ್ತಿದ್ದರು. ಹಳದಿ ಕಾರು ಕ್ಲೈಡ್ ಮನೆಯ ಕಡೆ ತಿರುಗಿತು. ಟೋಪಿ ಕೂಡ ಹಾಕಿಕೊಂಡಿರಲಿಲ್ಲ.

ಮೂರು ಗಂಟೆ ಕಾದೆ. ಈಗ ಬಂದರು. ಕಾರು ಕಿಟಕಿಯವರೆಗೂ ಬಿಳಿ. ಕೂದಲು ಕತ್ತರಿಸಿಕೊಂಡು ಬಂದಿದ್ದಾರೆ. ಕತ್ತಿನ ಹಿಂದೆ ಗೆರೆ ಎಷ್ಟು ನೇರ ಇದೆಯೆಂದರೆ, ನನ್ನ ಕೈಯಲ್ಲಿ ಒಂದು ಸಲವೂ ಹಾಗೆ ಬಂದಿರಲಿಲ್ಲ. ಗ್ಯಾರೇಜಿನಿಂದ ಕೂಗುತ್ತಿದ್ದಾರೆ: "ಕೆಳಗಡೆ ತೊಳೀಬೇಕು, ಟಾರ್ಚ್ ಹಿಡ್ಕೊಂಡು ಬಾ."